ಜಾಕ್ ಕೆಳಗಿನ ಹಲಗೆ: ನನ್ನ ಅನುಭವ

ಬೆಂಗಳೂರಿನ ರಸ್ತೆಯಲ್ಲಿ ಅಗ್ನಿಶಾಮಕ ದಳದ ಏಣಿ ಗಾಡಿ ನಿಲ್ಲಿಸಿದವರಿಗೆಲ್ಲ ಗೊತ್ತು, ಇಲ್ಲಿ ನೆಲವನ್ನು ನಂಬುವ ಹಾಗಿಲ್ಲ. ಮೇಲೆ ಡಾಂಬರು, ಕೆಳಗೆ ಮೋರಿ. ಇಲ್ಲವೇ ಕೇಬಲ್ಲಿಗೆಂದು ಅಗೆದು ಅರೆಬರೆ ಮುಚ್ಚಿದ ಗುಂಡಿ.

ಆರೇಳು ವರ್ಷದ ಹಿಂದೆ ಒಂದು ಡ್ರಿಲ್‌ನಲ್ಲಿ, ಅಂದರೆ ಅಭ್ಯಾಸದಲ್ಲಿ, ಏಣಿಯ ಕಂಟ್ರೋಲ್ ನನ್ನ ಕೈಲಿತ್ತು. ಗಾಡಿ ವಾಲದಂತೆ ತಡೆಯುವ ನಾಲ್ಕೂ ಜಾಕ್ ಕಾಲುಗಳನ್ನು ನೆಲಕ್ಕೆ ಊರಿ, ಲೆವೆಲ್ ನೋಡಿಯೇ ಏಣಿ ಎತ್ತಿದ್ದೆ. ಬೂಮ್ (ಏಣಿಯ ತೋಳು) ಎಡಕ್ಕೆ ತಿರುಗಿದ್ದೇ ತಡ, ಭಾರವೆಲ್ಲ ಆ ಕಡೆ ಬಿದ್ದು ಹಿಂದಿನ ಜಾಕ್ ಚಪ್ಪಡಿ ಸಮೇತ ಮೂರ್ನಾಲ್ಕು ಇಂಚು ಕುಸಿಯಿತು. ಏಣಿ ತುದಿಯ ಕೇಜ್‌ನಲ್ಲಿ ಇಬ್ಬರು ಹುಡುಗರು, ಎಂಟನೇ ಮಹಡಿ ಎತ್ತರದಲ್ಲಿ. ಹಾರ್ನೆಸ್ ಪಟ್ಟಿಯ ಕೊಕ್ಕೆ ಹಾಕಿದ್ದಕ್ಕೆ ಉಳಿದರು. ಅವರನ್ನು ಇಳಿಸಿದ ಮೇಲೂ ನನ್ನ ಕೈ ನಡುಗುತ್ತಿತ್ತು.

ಗಾಡಿಯ ಜಾಕ್ ಪಾದದ ಪ್ಲೇಟ್ ಒಂದೂಕಾಲು ಅಡಿ ಚೌಕ. ಅದರಡಿ ಎರಡೂವರೆ ಅಡಿಯ ಚೌಕ ಹಲಗೆ ಇಟ್ಟರೆ ನೆಲದ ಮೇಲಿನ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಲೆಕ್ಕ ಇಷ್ಟೇ, ಹಲಗೆ ಹೊಂದಿಸಲು ಎರಡು ವರ್ಷ ಹಿಡಿಯಿತು. ಮೊದಲು ಲಾರಿಯ ಹಳೆ ಟೈರ್ ಇಟ್ಟೆ. ಮೆತ್ತಗಾಗಿ ಬೂಮ್ ತಿರುಗಿದಾಗೆಲ್ಲ ಲೆವೆಲ್ ತಪ್ಪಿತು. ಆಮೇಲೆ ಒಂದೇ ತುಂಡಿನ ತೇಗ. ಎರಡನೇ ಡ್ರಿಲ್ಲಿಗೇ ಎಳೆಯುದ್ದಕ್ಕೂ ಸೀಳಿತು, ಎರಡೂವರೆ ಸಾವಿರ ನೀರಿಗೆ ಹೋಯಿತು. ರೆಡಿಮೇಡ್ ಪ್ಯಾಡ್ ನಾಲ್ಕಕ್ಕೆ ಆಗ ಮೂವತ್ತು ಸಾವಿರದ ಹತ್ತಿರ ಇತ್ತು. ಕೇಳಿ ಬರೆದ ಕಾಗದ ಮೇಲೆ ಹೋದದ್ದು ಕೆಳಗೆ ಬರಲಿಲ್ಲ.

ಕೊನೆಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಮತ್ತಿ ಮರ ತಂದು, ಎರಡು ಪದರವನ್ನು ಅಡ್ಡ-ಉದ್ದ ಜೋಡಿಸಿ ಬೋಲ್ಟ್ ಹಾಕಿಸಿದೆ. ನಾಲ್ಕಕ್ಕೆ ಏಳು ಸಾವಿರ ಚಿಲ್ಲರೆ, ಸ್ವಂತ ದುಡ್ಡು. ಒಂದೊಂದು ಸುಮಾರು 35 ಕಿಲೋ, ಎತ್ತಲು ಹಗ್ಗದ ಹಿಡಿ. ಪದರಗಳ ನಡುವೆ ಏನು ಹಾಕಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹಲಗೆ ಇಡುವ ಮುಂಚೆ ನಾಲ್ಕೂ ಕಡೆ ಹಾರೆಯಿಂದ ಕುಟ್ಟುತ್ತೇನೆ. ಟೊಳ್ಳು ನೆಲದ ಸದ್ದು ಬರೆದರೆ ತಿಳಿಯುವುದಿಲ್ಲ, ಠಾಣೆಗೆ ಬಂದರೆ ಕೇಳಿಸುತ್ತೇನೆ.

"ಮೇಲೆ ಜನ ಕೂಗ್ತಾ ಇರ್ತಾರೆ, ನೀನು ಹಲಗೆ ಜೋಡಿಸ್ತಾ ಕೂತ್ಕೋತೀಯಾ?" ಎಂದು ಹಿರಿಯರೊಬ್ಬರು ಗದರಿದ್ದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. 2010ರ ಫೆಬ್ರವರಿ 23ರಂದು ಇಲ್ಲಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಜನ ಹೋದರು, ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ನಿಮಿಷದ ಬೆಲೆ ನಮಗೆ ಗೊತ್ತು. ಅದಕ್ಕೇ ಹುಡುಗರಿಗೆ ದಿನಾ ಅಭ್ಯಾಸ ಮಾಡಿಸಿದೆ. ಮೊದಲು ಮೂರು ನಿಮಿಷ ಹೆಚ್ಚು ಹಿಡಿಯುತ್ತಿತ್ತು, ಈಗ ಮುಕ್ಕಾಲು ನಿಮಿಷ. ಇಷ್ಟು ಚುರುಕು ತಂಡ ನಾನು ಬೇರೆಲ್ಲೂ ನೋಡಿಲ್ಲ.

ಇನ್ನೊಂದು ಪ್ರಯೋಗ: ಕೇಜ್ ಕಂಬಿಗೆ ಕೆಂಪು ರಿಬ್ಬನ್. ಏಪ್ರಿಲ್ ಮಳೆಗೆ ಮುಂಚೆ ಕೆಳಗೆ ಎಲೆ ಅಲುಗದಿದ್ದರೂ ಮೇಲೆ ಗಾಳಿ ನುಗ್ಗುತ್ತಿರುತ್ತದೆ. ಅದು ಯಾವ ಕಡೆಯಿಂದ ಅಂತ ಕೆಳಗಿನವನಿಗೂ ಕಾಣುತ್ತದೆ. ಹೊಗೆಯಲ್ಲಿ ಮಾತ್ರ ಉಪಯೋಗವಿಲ್ಲ.

ಕಳೆದ ಬೇಸಿಗೆ ಒಂದು ಗೋದಾಮಿನ ಬೆಂಕಿ. ಹಾರೆ ಟೊಳ್ಳು ಎಂದಿತು, ಗಾಡಿಯನ್ನು ನಾಲ್ಕಡಿ ಹಿಂದೆ ತೆಗೆಸಿದೆ. ಮೂರು ತಾಸು ನಮ್ಮದೇ ನೀರು ಹರಿದು ಸುತ್ತ ಕೆಸರಾದರೂ ಹಲಗೆ ಅರ್ಧ ಇಂಚೂ ಇಳಿಯಲಿಲ್ಲ. ಗದರಿದ್ದ ಹಿರಿಯರು ಅಲ್ಲೇ ಇದ್ದರು. ಬಗ್ಗಿ ಜಾಕ್ ನೋಡಿದರು. "ನಮ್ಮ ಗಾಡಿಗೂ ಒಂದು ಸೆಟ್ ಮಾಡಿಸ್ಕೊಡಪ್ಪಾ" ಅಂದರು. ಮರದ ಬೆಲೆ ಏರಿತ್ತು, ಒಂಬತ್ತು ಸಾವಿರ ಆಯಿತು. ಆ ದುಡ್ಡು ಅವರೇ ಕೊಟ್ಟರು.