ಮುಸಿಮಾ ಬೇಸ್ ಗಿಟಾರುಗಳು: ದುರಸ್ತಿ ಮಾಡುತ್ತಾ ತಿಳಿದ ಚರಿತ್ರೆ

ಜರ್ಮನಿಯ ಚೆಮ್ನಿಟ್ಸ್ ನಗರದಲ್ಲಿ ನೆಲೆಸಿರುವ ನಾನು ಕೆಲವು ವರ್ಷಗಳಿಂದ ಪೂರ್ವ ಜರ್ಮನಿಯ ಕಾಲದ ಬೇಸ್ ಗಿಟಾರುಗಳನ್ನು ಕೊಂಡು, ದುರಸ್ತಿ ಮಾಡಿ ನುಡಿಸುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ‘ಮುಸಿಮಾ’ ಎಂಬ ಅಲ್ಲಿನ ಕಾರ್ಖಾನೆಯವು. ಮಾದರಿಯ ಫಲಕ ಎಂದೋ ಕಳಚಿ ಬಿದ್ದಿರುವುದರಿಂದ ಅವುಗಳ ಕಾಲವನ್ನು ವಾದ್ಯದ ಒಳಗಿನಿಂದಲೇ ಊಹಿಸಬೇಕಾಗುತ್ತದೆ. ಬಿಡಿಭಾಗಗಳ ಮೇಲೆ ಆ ದೇಶದ ತಾಂತ್ರಿಕ ಮಾನಕವಾದ ಟಿಜಿಎಲ್ ಗುರುತು ಇದ್ದರೆ ಅವು ಮೂಲದವು ಎನ್ನಲು ಒಂದು ಆಧಾರ ಸಿಕ್ಕಂತೆ. ಪೆಟ್ಟಿಗೆಯೊಳಗೆ ಅಂಗಡಿಯ ಚೀಟಿ ಅಂಟಿಕೊಂಡಿದ್ದು, ಅದರಲ್ಲಿ ನಮ್ಮ ಊರಿಗೆ ‘ಕಾರ್ಲ್-ಮಾರ್ಕ್ಸ್-ಸ್ಟಾಟ್’ ಎಂಬ ಹೆಸರಿದ್ದರೆ ಆ ಮಾರಾಟ 1953 ಮತ್ತು 1990ರ ನಡುವಿನದು ಎಂಬುದು ಖಚಿತ.

ಈ ವಾದ್ಯಗಳು ತಯಾರಾದ ಮಾರ್ಕ್‌ನೊಯ್‌ಕಿರ್ಶೆನ್, ಜೆಕ್ ಗಡಿಗೆ ಅಂಟಿಕೊಂಡಿರುವ ಸಣ್ಣ ಊರು. ಗಡಿಯಾಚೆಯ ಬೊಹೀಮಿಯಾದಿಂದ ಧರ್ಮದ ಕಾರಣಕ್ಕೆ ಓಡಿಬಂದ ಪ್ರೊಟೆಸ್ಟೆಂಟ್ ಕುಶಲಕರ್ಮಿಗಳು 1677ರಲ್ಲೇ ಇಲ್ಲಿ ಪಿಟೀಲು ತಯಾರಕರ ಸಂಘ ಕಟ್ಟಿದ್ದರು. ಅಮೆರಿಕದ ಮಾರ್ಟಿನ್ ಗಿಟಾರು ಕಂಪನಿಯ ಸ್ಥಾಪಕ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಹುಟ್ಟಿದ್ದು ಈ ಊರಿನಲ್ಲೇ, 1796ರಲ್ಲಿ. ಗಡಿಯಾಚೆಯ ಶ್ಯೋನ್‌ಬಾಖ್, ಅಂದರೆ ಇಂದಿನ ಲುಬಿ, ಇದೇ ಕಸುಬಿನ ಇನ್ನೊಂದು ನೆಲೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಜರ್ಮನ್ ಭಾಷಿಕರನ್ನು ಹೊರಹಾಕಿದಾಗ ಹ್ಯೋಫ್ನರ್ ಕುಟುಂಬ ಪಶ್ಚಿಮ ಜರ್ಮನಿಗೆ ಹೋಗಿ ನೆಲೆಸಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ನುಡಿಸಿದ, ಪಿಟೀಲಿನಾಕಾರದ ಬೇಸ್ ಆ ಮನೆತನದ ಕಂಪನಿಯದು. ಗಡಿಯ ಈಚೆ ಉಳಿದ ಕಸುಬುದಾರರಲ್ಲಿ ಅನೇಕರು 1950ರ ದಶಕದಲ್ಲಿ ರೂಪುಗೊಂಡ ಸರ್ಕಾರಿ ಒಡೆತನದ ಮುಸಿಮಾ ಕಾರ್ಖಾನೆಯ ನೌಕರರಾದರು. ಮುಸಿಮಾದ ಬೇಸನ್ನು ಅಮೆರಿಕದ ಫೆಂಡರ್ ಕಂಪನಿಯ ಬೇಸಿನ ಕಳಪೆ ನಕಲು ಎಂದು ತಳ್ಳಿಹಾಕುವವರನ್ನು ನಾನು ಒಪ್ಪದಿರುವುದು ಈ ಹಿನ್ನೆಲೆಯಿಂದ. ಅಂಚಿನ ಪಟ್ಟಿಯ ಕೂಡಿಕೆ, ಕತ್ತಿನ ಹಿಂಬದಿಯ ದುಂಡುತನ, ಮೆರುಗೆಣ್ಣೆಯ ತೆಳುಪು, ಇವೆಲ್ಲ ಪಿಟೀಲಿನಲ್ಲಿ ಪಳಗಿದ ಕೈಯ ಕೆಲಸಗಳು. ಸೋತಿರುವುದು ವಿದ್ಯುತ್ ಭಾಗ.

ಕಾರ್ಖಾನೆ ವಿದ್ಯುತ್ ಗಿಟಾರುಗಳನ್ನು ತಯಾರಿಸುತ್ತಿದ್ದಾಗ ಸರ್ಕಾರ ಆ ಸಂಗೀತವನ್ನು ಸಂಶಯದಿಂದಲೇ ನೋಡುತ್ತಿತ್ತು. ಕಾರ್ಯಕ್ರಮಗಳಲ್ಲಿ ಶೇಕಡಾ 60ರಷ್ಟು ಸಂಗೀತ ಸಮಾಜವಾದಿ ದೇಶಗಳದ್ದೇ ಆಗಿರಬೇಕೆಂಬ ನಿಯಮ 1958ರಲ್ಲಿ ಬಂತು. ವಿದ್ಯುತ್ ಗಿಟಾರು ನುಡಿಸುವ ‘ಬೀಟ್’ ಸಂಗೀತದ ತಂಡಗಳ ಮೇಲಿನ ನಿಷೇಧವನ್ನು ವಿರೋಧಿಸಿ 1965ರ ಅಕ್ಟೋಬರ್ 31ರಂದು ಲೈಪ್‌ಜಿಗ್‌ನಲ್ಲಿ ಸೇರಿದ ಯುವಕರನ್ನು ಪೊಲೀಸರು ಚದುರಿಸಿ, ಹಲವರನ್ನು ಬಂಧಿಸಿದರು. ಪರವಾನಗಿ ಪಡೆದ ವೃತ್ತಿಪರರು ಹೇಗಾದರೂ ಮಾಡಿ ಪಶ್ಚಿಮದ ವಾದ್ಯವನ್ನೇ ತರಿಸಿಕೊಳ್ಳಲು ನೋಡುತ್ತಿದ್ದರು. ಮುಸಿಮಾ ಸೋವಿಯತ್ ಒಕ್ಕೂಟಕ್ಕೂ ಸ್ಥಳೀಯ ಹವ್ಯಾಸಿ ತಂಡಗಳಿಗೂ ಹೋಗುತ್ತಿತ್ತು.

ಇನ್ನು ನನ್ನ ಮೇಜಿನ ಕೆಲಸ. ಹಳೆಯ ಮುಸಿಮಾಗಳಲ್ಲಿ ಇಂದಿನ 6.3 ಮಿಲಿಮೀಟರ್ ಜ್ಯಾಕ್ ಇರುವುದಿಲ್ಲ. ಹಳೆಯ ಟೇಪ್ ರೆಕಾರ್ಡರುಗಳಲ್ಲಿದ್ದಂಥ, ಹಲವು ರಂಧ್ರಗಳ ದುಂಡನೆಯ ಡಿನ್ ಸಾಕೆಟ್ ಇರುತ್ತದೆ. ಡ್ರಿಲ್ ಹಿಡಿದು ಹೊಸ ಜ್ಯಾಕ್ ಕೂರಿಸುವವರೇ ಹೆಚ್ಚು. ನಾನು ವಾದ್ಯವನ್ನು ಕೊರೆಯದೆ, ಒಂದು ತುದಿಗೆ ಡಿನ್ ಪ್ಲಗ್ ಮತ್ತೊಂದಕ್ಕೆ ಜ್ಯಾಕ್ ಇರುವ ತಂತಿಯನ್ನು ಬೆಸುಗೆ ಹಾಕಿಕೊಳ್ಳುತ್ತೇನೆ. ಯಾವ ಪಿನ್ನಿನಲ್ಲಿ ಏನಿದೆ ಎಂಬುದನ್ನು ನಕ್ಷೆ ನೋಡಿ ನಂಬುವುದಕ್ಕಿಂತ ಮಲ್ಟಿಮೀಟರಿನಿಂದ ಅಳೆಯುವುದೇ ಲೇಸು, ಏಕೆಂದರೆ ನಡುವೆ ಯಾರು ಯಾರು ಕೈ ಹಾಕಿರುತ್ತಾರೋ ಗೊತ್ತಾಗುವುದಿಲ್ಲ. ವಾಲ್ಯೂಮ್ ಪೊಟೆನ್ಶಿಯೋಮೀಟರಿನ ಲೋಹದ ಕವಚಕ್ಕೆ ಒಂದು ಕಡ್ಡಿ ತಾಗಿಸಿ, ಇನ್ನೊಂದನ್ನು ಪಿನ್ನುಗಳಿಗೆ ಒಂದೊಂದಾಗಿ ಮುಟ್ಟಿಸಿದರೆ ಸೊನ್ನೆಯ ಹತ್ತಿರದ ಓಮ್ ತೋರಿಸುವುದು ಭೂಸಂಪರ್ಕದ ಪಿನ್ನು. ವಾಲ್ಯೂಮನ್ನು ಪೂರ್ತಿ ಏರಿಸಿದಾಗ ಕೆಲವು ಕಿಲೋ ಓಮ್ ತೋರಿಸಿ, ಇಳಿಸಿದಾಗ ಸೊನ್ನೆಗೆ ಕುಸಿಯುವುದು ಸಂಕೇತದ ಪಿನ್ನು. ಯಾವ ಪಿನ್ನೂ ಎರಡೂ ಸ್ಥಿತಿಯಲ್ಲಿ ಏನನ್ನೂ ತೋರಿಸದಿದ್ದರೆ ಎಲ್ಲೋ ಬೆಸುಗೆ ಬಿಟ್ಟಿದೆ ಎಂದರ್ಥ; ಏರಿಸಿದಾಗ ಕೆಲವು ಕಿಲೋ ಓಮ್‌ನ ಬದಲು ಪೊಟೆನ್ಶಿಯೋಮೀಟರಿನ ಪೂರ್ತಿ ಓಮ್ ತೋರಿಸಿದರೆ, ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನ ಸುರುಳಿ ಹರಿದಿರಬಹುದು. ಕೂದಲಿಗಿಂತ ತೆಳ್ಳಗಿರುವ ಆ ಸುರುಳಿಯ ತಂತಿಯನ್ನು ಮತ್ತೆ ಸುತ್ತುವ ತಾಳ್ಮೆ ನನಗಿಲ್ಲವಾದ್ದರಿಂದ ಅದನ್ನು ಬಲ್ಲವರಿಗೆ ಒಪ್ಪಿಸುತ್ತೇನೆ.

ನುಡಿಸುವ ತಂತಿಗಳನ್ನು ಕೊಳ್ಳುವ ಮುನ್ನ ನಟ್ಟಿನಿಂದ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದ, ಹನ್ನೆರಡನೆಯ ಫ್ರೆಟ್ಟಿನವರೆಗಿನ ಅಂತರವನ್ನು ಅಳೆದು ಇಮ್ಮಡಿ ಮಾಡುತ್ತೇನೆ; ಅದೇ ತಂತಿ ಕಂಪಿಸುವ ಉದ್ದ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ತಂತಿಗಳು 34 ಇಂಚಿನ ವಾದ್ಯಕ್ಕೆ ಹೊಂದುವಂಥವು. ಅವನ್ನು 30 ಇಂಚಿನ ಆಸುಪಾಸಿನ ಗಿಡ್ಡ ಬೇಸಿಗೆ ಹಾಕಿದರೆ ದಪ್ಪ ಭಾಗವೇ ಬಿರಡೆಯ ಸುತ್ತ ತಿರುಚಿಕೊಳ್ಳುತ್ತದೆ, ಶ್ರುತಿ ನಿಲ್ಲುವುದಿಲ್ಲ.

ಹೊಸ ಬಿಡಿಭಾಗಗಳ ಆಸೆಯಂತೂ ಇಲ್ಲ. 1990ರ ಜುಲೈ 1ರಂದು ಪಶ್ಚಿಮದ ಮಾರ್ಕ್ ಇಲ್ಲಿಯೂ ಚಲಾವಣೆಗೆ ಬಂದ ಮೇಲೆ ಪೂರ್ವ ಯುರೋಪಿನ ಗಿರಾಕಿಗಳಿಗೆ ಈ ಸರಕು ಕೈಗೆಟುಕದಾಯಿತು. ಮುಸಿಮಾ ಖಾಸಗಿಯವರ ಕೈ ಸೇರಿ, ಕುಂಟುತ್ತಾ ಸಾಗಿ, ಹೊಸ ಶತಮಾನದ ಮೊದಲ ದಶಕದಲ್ಲಿ ದಿವಾಳಿಯಾಯಿತು. ಅಷ್ಟರೊಳಗೆ, 1995ರಲ್ಲೇ, ಪಶ್ಚಿಮದ ವಾರ್ವಿಕ್ ಎಂಬ ಬೇಸ್ ಕಂಪನಿ ತನ್ನ ತಯಾರಿಕೆಯನ್ನು ಇದೇ ಊರಿಗೆ ತಂದಿತ್ತು. ಹಾಗಾಗಿ ಕತ್ತು ತಿರುಚಿಕೊಂಡು ಯಾರಿಗೂ ಬೇಡವಾದ ಮುಸಿಮಾ ಕಂಡರೆ ಅದರ ಪಿಕಪ್ಪು, ಬಿರಡೆ ಮತ್ತು ಸಾಕೆಟ್ಟಿಗಾಗಿ ಕೊಂಡಿಡುತ್ತೇನೆ. ನುಡಿಸಲೆಂದೇ ಕೊಳ್ಳುವುದಾದರೆ ಕತ್ತನ್ನು ತುದಿಯಿಂದ ಉದ್ದಕ್ಕೆ ನೋಡಿ, ನೇರವಾಗಿದ್ದರೆ ಮಾತ್ರ ಬೆಲೆ ಕೇಳುತ್ತೇನೆ.