ಹಳೇ ಡೀಸೆಲ್ ವ್ಯಾನಿಗೆ ಏರ್ ಹಿಡಿದಾಗ

ಡೀಸೆಲ್ ಮುಗಿದು ನಿಂತ ಮ್ಯಾಟಡೋರ್, ಹಳೇ ಟ್ರ್ಯಾಕ್ಸ್, 407 ಇಂಥ ಗಾಡಿಗಳಿಗೆ ಕ್ಯಾನಿನಿಂದ ಡೀಸೆಲ್ ಸುರಿದ ಮಾತ್ರಕ್ಕೆ ಚಾಲೂ ಆಗುವುದಿಲ್ಲ. ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆದರೂ ಅಷ್ಟೇ. ಲೈನಿನಲ್ಲಿ ಡೀಸೆಲ್ ಇರಬೇಕಾದ ಜಾಗದಲ್ಲಿ ಗಾಳಿ ಕೂತಿರುತ್ತದೆ. ಡೀಸೆಲ್ಲನ್ನು ಒತ್ತಿದರೆ ಅದು ಕುಗ್ಗದು, ಪಂಪಿನ ಒತ್ತಡ ನೇರವಾಗಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗೆ ಮುಟ್ಟುತ್ತದೆ. ಗಾಳಿ ಹಾಗಲ್ಲ, ಒತ್ತಿದಾಗ ಕುಗ್ಗಿ ಬಿಟ್ಟಾಗ ಹಿಗ್ಗುತ್ತದೆ. ನಾಜಲ್ ಬಾಯಿ ಬಿಡಲು ನೂರಕ್ಕೂ ಹೆಚ್ಚು ಬಾರ್ ಒತ್ತಡ ಬೇಕು. ಗಾಳಿ ತುಂಬಿದ ಪೈಪಿನಲ್ಲಿ ಅಷ್ಟು ಒತ್ತಡ ಹುಟ್ಟುವುದೇ ಇಲ್ಲ.

ಇಲ್ಲಿ ಹೇಳುವುದೆಲ್ಲ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಪಂಪಿನಿಂದ ಸಿಲಿಂಡರಿಗೊಂದರಂತೆ ಲೋಹದ ಪೈಪು ನೇರ ನಾಜಲ್‌ಗೆ ಹೋಗಿದ್ದರೆ ಅದೇ ಗುರುತು. ಪೈಪುಗಳೆಲ್ಲ ಒಂದು ದಪ್ಪ ಉಕ್ಕಿನ ಕೊಳವೆಯಿಂದ ಕವಲೊಡೆದಿದ್ದರೆ ಅದು ಕಾಮನ್ ರೇಲ್. ಅದರೊಳಗಿನ ಒತ್ತಡ 1000 ಬಾರ್ ದಾಟುತ್ತದೆ, ಅದರ ನಟ್ಟಿಗೆ ಪಾನಾ ಹಾಕಲೇಬೇಡಿ.

ಶುರು ಮಾಡುವ ಮುಂಚೆ ಟ್ಯಾಂಕಿಗೆ ಕನಿಷ್ಠ 10 ಲೀಟರ್ ಹಾಕಿ. ಹೀರುವ ಪೈಪಿನ ತುದಿ ಟ್ಯಾಂಕಿನ ತಳಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಐದು ಲೀಟರ್ ಒಂದು ಮೂಲೆಗೆ ಸರಿದು ಪೈಪು ಮತ್ತೆ ಗಾಳಿಯನ್ನೇ ಹೀರುತ್ತದೆ. ಕೈಗೆ 10, 13, 17, 19ರ ಪಾನಾ, ಒಂದು ತಟ್ಟೆ, ಒಣಬಟ್ಟೆ, ಹೊಸ ತಾಮ್ರದ ವಾಷರ್ ಇರಲಿ. ಸಂಡೂರು ಕಡೆ ಓಡುವ ಗಾಡಿಯಾದರೆ ಅದಿರಿನ ಕೆಂಪು ಧೂಳು ಫಿಲ್ಟರ್ ತಲೆಯ ಮೇಲೆ ಒಂದು ಪದರವೇ ಕಟ್ಟಿರುತ್ತದೆ. ಬೋಲ್ಟ್ ಬಿಚ್ಚುವ ಮುಂಚೆ ಅದನ್ನು ಬ್ರಷ್ಷಿನಿಂದ ಉಜ್ಜಿ ಒರೆಸಿ. ಇಲ್ಲದಿದ್ದರೆ ಏರ್ ಹೊರಗೆ ಹೋಗುತ್ತದೆ, ಧೂಳು ಒಳಗೆ ಬರುತ್ತದೆ. ಪಂಪಿನೊಳಗೆ ಡೀಸೆಲ್ಲನ್ನು ಒತ್ತುವ ಪ್ಲಂಜರಿಗೆ ಏರಿಗಿಂತ ಧೂಳೇ ದೊಡ್ಡ ಶತ್ರು.

ಏರ್ ತೆಗೆಯುವುದಕ್ಕೆ ಒಂದು ದಿಕ್ಕಿದೆ. ಟ್ಯಾಂಕಿನ ಕಡೆಯಿಂದ ಇಂಜಿನ್ ಕಡೆಗೆ ಬರಬೇಕು. ಮೊದಲನೇ ಫಿಲ್ಟರ್, ಎರಡನೇ ಫಿಲ್ಟರ್, ಆಮೇಲೆ ಪಂಪು, ಕೊನೆಗೆ ನಾಜಲ್. ನೇರ ನಾಜಲ್ ನಟ್ಟು ಬಿಚ್ಚಿ ಸೆಲ್ಫ್ ಹೊಡೆಯುವವರು ಅರ್ಧ ದಿನ ಕಳೆಯುತ್ತಾರೆ, ಹಿಂದಿನ ಫಿಲ್ಟರಿನಲ್ಲಿದ್ದ ಗಾಳಿ ಮತ್ತೆ ಮುಂದಕ್ಕೆ ಬರುತ್ತಲೇ ಇರುತ್ತದೆ.

ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಮೇಲೆ ಹ್ಯಾಂಡ್ ಪ್ರೈಮರ್, ಅಂದರೆ ಕೈಯಿಂದ ಒತ್ತುವ ಸಣ್ಣ ಪಂಪು, ಇರುತ್ತದೆ. ಅದರ ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಡಿಸಿ. ಮೊದಲ ಫಿಲ್ಟರಿನ ತಲೆಯ ಮೇಲಿರುವ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಒಂದೂವರೆ ಸುತ್ತು ಸಡಿಲಿಸಿ, ಪೂರ್ತಿ ಕಳಚಬೇಡಿ. ಈಗ ಪ್ರೈಮರನ್ನು ಮೇಲಿಂದ ಕೆಳಗೆ ಪೂರ್ತಿ ಒತ್ತುತ್ತಾ, ಪೂರ್ತಿ ಎಳೆಯುತ್ತಾ ಹೋಗಿ. ಸ್ಕ್ರೂ ಬುಡದಲ್ಲಿ ಮೊದಲು ಬರೀ ಉಸ್ಸೆಂಬ ಸದ್ದು. ಆಮೇಲೆ ಕಡೆದ ಮಜ್ಜಿಗೆಯ ನೊರೆಯಂತೆ ಬಿಳಿಯದೊಂದು ಉಕ್ಕುತ್ತದೆ. ನೊರೆ ಕಡಿಮೆಯಾದ ಮೇಲೆ ದೊಡ್ಡ ಗುಳ್ಳೆಗಳು ಬಿಟ್ಟು ಬಿಟ್ಟು ಬರುತ್ತವೆ. ಇಲ್ಲಿಯೇ ಬಹಳ ಜನ ಮುಗಿಯಿತೆಂದು ಸ್ಕ್ರೂ ಮುಚ್ಚುತ್ತಾರೆ, ಅದು ತಪ್ಪು. ಗುಳ್ಳೆ ನಿಂತ ಮೇಲೂ ಹತ್ತು ಹದಿನೈದು ಸಲ ಒತ್ತಿ. ಒಂದೇ ಧಾರೆ, ಒಂದೇ ಬಣ್ಣ ಬರುತ್ತಿರಬೇಕು. ಧಾರೆ ಹರಿಯುತ್ತಿರುವಾಗಲೇ, ಪ್ರೈಮರ್ ಕೆಳಕ್ಕೆ ಒತ್ತಿ ಹಿಡಿದೇ ಸ್ಕ್ರೂ ಬಿಗಿಯಿರಿ. ಕೈ ಬಿಟ್ಟು ಆಮೇಲೆ ಬಿಗಿದರೆ ಆ ಎರಡು ಕ್ಷಣದಲ್ಲಿ ಗಾಳಿ ಮತ್ತೆ ಒಳಗೆ ಸೇರುತ್ತದೆ. ಇಬ್ಬರಿದ್ದರೆ ಕೆಲಸ ಸಲೀಸು, ಒಬ್ಬರು ಒತ್ತಲಿ, ಇನ್ನೊಬ್ಬರು ಪಾನಾ ಹಿಡಿಯಲಿ.

ಎರಡನೇ ಫಿಲ್ಟರಿಗೂ, ಪಂಪಿನ ಪಕ್ಕದಲ್ಲಿರುವ ಬ್ಲೀಡ್ ಸ್ಕ್ರೂಗೂ ಇದೇ ಕ್ರಮ. ಫಿಲ್ಟರ್ ತಲೆ ಅಲ್ಯೂಮಿನಿಯಂ ಆದ್ದರಿಂದ ಜೋರಾಗಿ ಬಿಗಿದರೆ ಮರೆ (ಥ್ರೆಡ್) ಕಿತ್ತು ಬರುತ್ತದೆ. ಪಾನಾದ ಬುಡ ಹಿಡಿದು, ವಾಷರ್ ಕಚ್ಚಿದ ಮೇಲೆ ಸ್ವಲ್ಪವೇ ತಿರುಗಿಸಿದರೆ ಸಾಕು. ಕೊನೆಗೆ ಪ್ರೈಮರಿನ ಗುಂಡಿಯನ್ನು ಒತ್ತಿ ತಿರುಗಿಸಿ ಕೂರಿಸಿ. ಇದನ್ನು ಮರೆತರೆ ಅಲ್ಲಿಂದಲೇ ಏರ್ ಎಳೆಯುತ್ತದೆ.

ಪ್ರೈಮರ್ ಕೈಗೆ ಹೇಗೆ ಸಿಗುತ್ತದೆ ಎನ್ನುವುದೇ ಅರ್ಧ ಪರೀಕ್ಷೆ. ಮೇಲಕ್ಕೆ ಎಳೆಯಲು ಗಟ್ಟಿಯಾಗಿದ್ದರೆ ಟ್ಯಾಂಕಿನ ಕಡೆ ಅಡ್ಡಿಯಿದೆ: ಫೀಡ್ ಪಂಪಿನ ಜಾಲರಿ ಕಟ್ಟಿಕೊಂಡಿದೆ, ಇಲ್ಲವೇ ರಬ್ಬರ್ ಪೈಪು ಚಪ್ಪಟೆಯಾಗಿದೆ. ಎಷ್ಟು ಒತ್ತಿದರೂ ಹಗುರವಾಗಿ, ಏನೂ ಸಿಗದಂತೆ ಆಡಿದರೆ ಎಲ್ಲಿಂದಲೋ ಗಾಳಿ ಹೀರುತ್ತಿದೆ, ಅಥವಾ ಫೀಡ್ ಪಂಪಿನ ವಾಲ್ವಿನಲ್ಲಿ ಕಸ ಸಿಕ್ಕಿದೆ. ಪ್ರೈಮರ್ ಬದಲು ಸಣ್ಣ ಲಿವರ್ ಇರುವ ಡಯಾಫ್ರಾಮ್ ಪಂಪಾದರೆ ಕೆಲವೊಮ್ಮೆ ಲಿವರ್ ಸತ್ತಂತೆ ಆಡುತ್ತದೆ. ಆಗ ಕ್ಯಾಮ್ ಮೇಲಕ್ಕೆ ನಿಂತಿದೆ ಎಂದರ್ಥ, ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.

ಈಗ ನಾಜಲ್. ನಾಜಲ್ ಕಡೆಯ ಪೈಪಿನ ನಟ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ, ಸುತ್ತ ಬಟ್ಟೆ ಇಡಿ. ಸ್ಟಾಪ್ ಗುಂಡಿ ಎಳೆದಿಲ್ಲವೆಂದು ನೋಡಿಕೊಳ್ಳಿ, ಎಳೆದೇ ಇದ್ದರೆ ಪಂಪು ಒಂದು ಹನಿಯನ್ನೂ ಕೊಡದು. ಆಕ್ಸಿಲರೇಟರ್ ಪೂರ್ತಿ ಒತ್ತಿ 10–15 ಸೆಕೆಂಡ್ ಸೆಲ್ಫ್ ಹೊಡೆದು ಒಂದು ನಿಮಿಷ ಬಿಡಿ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಈ ಬಿಡುವು ಇನ್ನೂ ಮುಖ್ಯ, ಸೆಲ್ಫ್ ಮೋಟಾರ್ ಬೇಗ ಕಾಯುತ್ತದೆ. ನಟ್ಟಿನ ಬುಡದಲ್ಲಿ ನೊರೆಯಿಲ್ಲದೆ ಡೀಸೆಲ್ ಚಿಮ್ಮಿ ಚಿಮ್ಮಿ ಬಂದರೆ ಆ ಪೈಪು ಮುಗಿಯಿತು, ಬಿಗಿಯಿರಿ. ಎರಡು ಸಿಲಿಂಡರಿಗೆ ಡೀಸೆಲ್ ಸಿಕ್ಕರೆ ಸಾಕು, ಇಂಜಿನ್ ಕುಂಟುತ್ತಾ ಚಾಲೂ ಆಗುತ್ತದೆ, ಉಳಿದ ಗಾಳಿಯನ್ನು ತಾನೇ ಹೊರಗೆ ದೂಡುತ್ತದೆ. ಈ ನಟ್ಟುಗಳನ್ನೂ ಅತಿಯಾಗಿ ಬಿಗಿಯಬೇಡಿ. ಪೈಪಿನ ಕೋನ್ ಜಜ್ಜಿಹೋದರೆ ಆಮೇಲೆ ಎಷ್ಟು ಬಿಗಿದರೂ ಸೋರುತ್ತದೆ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನ ಕಡೆಯೂ ಕಣ್ಣಿರಲಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್ ಮುಟ್ಟಿದೆ, ಗಾಳಿ ಬಹುತೇಕ ಹೋಗಿದೆ. ಹೊಗೆಯ ಸುಳಿವೇ ಇಲ್ಲದಿದ್ದರೆ ಡೀಸೆಲ್ ಇನ್ನೂ ತಲುಪಿಲ್ಲ.

ಇಂಜಿನ್ ಓಡುವಾಗ ನಾಜಲ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ, ನೋವು ಕಡಿಮೆಯಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೊಕ್ಕಿದೆಯೆಂದು ಹೇಳಬೇಕು. ಬೆರಳನ್ನೇ ಕಳೆದುಕೊಳ್ಳುವ ಗಾಯವದು. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಬೇಡ, ಕಾದ ಪ್ಲಗ್ಗಿಗೆ ಅದು ತಾಗಿ ಹೊತ್ತಬಾರದ ಹೊತ್ತಿಗೆ ಹೊತ್ತಿ ಇಂಜಿನ್ನನ್ನೇ ಒಡೆಯಬಹುದು.

ರೋಟರಿ ಪಂಪಿನ (ಒಂದೇ ತಿರುಗುವ ಭಾಗ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ಪಂಪು) ಗಾಡಿಯಲ್ಲಿ ಪ್ರೈಮರ್ ಸಾಮಾನ್ಯವಾಗಿ ಫಿಲ್ಟರ್ ತಲೆಯ ಮೇಲೇ ಇರುತ್ತದೆ. ಅದು ಗಟ್ಟಿಯಾಗುವವರೆಗೆ ಒತ್ತಿ, ನಾಜಲ್ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಈ ಪಂಪಿನ ಒಳಗಿನ ಭಾಗಗಳಿಗೆಲ್ಲ ಡೀಸೆಲ್ಲೇ ಆಯಿಲ್, ಹಾಗಾಗಿ ಒಣ ಪಂಪಿನ ಮೇಲೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್‌ಗೆ ಕೀ ಹಾಕಿದಾಗ ಕರೆಂಟು ಬಂದು ಟಕ್ಕೆನ್ನಬೇಕು. ಆ ವೈರು ಕಳಚಿದ್ದರೆ ಎಷ್ಟು ಏರ್ ತೆಗೆದರೂ ಡೀಸೆಲ್ ಮುಂದೆ ಹೋಗದು.

ಫಿಲ್ಟರ್ ಬದಲಿಸಿದಾಗ ಹೊಸದರಲ್ಲಿ ಡೀಸೆಲ್ ತುಂಬಿ ಕೂರಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಆದರೆ ತಿರುಗಿಸಿ ಕೂರಿಸುವ ಫಿಲ್ಟರಿನಲ್ಲಿ ನಡುವಿನ ದೊಡ್ಡ ತೂತು ಸಾಮಾನ್ಯವಾಗಿ ಸೋಸಿದ ಡೀಸೆಲ್ ಹೊರಬರುವ ಕಡೆ. ಅಲ್ಲಿಂದ ಕ್ಯಾನಿನ ಡೀಸೆಲ್ ಸುರಿದರೆ ಕಸ ನೇರ ಪಂಪಿಗೆ. ಸುತ್ತಲಿನ ಸಣ್ಣ ತೂತುಗಳಿಂದ ನಿಧಾನವಾಗಿ ತುಂಬಿ.

ಡೀಸೆಲ್ ಮುಗಿಯದೆ, ಫಿಲ್ಟರ್ ಬಿಚ್ಚದೆ ಏರ್ ಹಿಡಿದಿದೆಯೆಂದರೆ ತೆಗೆದ ಮಾತ್ರಕ್ಕೆ ವಾಸಿಯಾಗದು, ಬಂದ ದಾರಿ ಹುಡುಕಬೇಕು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸತಾಯಿಸಿ, ಹಗಲೆಲ್ಲ ಒಂದೇ ಏಟಿಗೆ ಚಾಲೂ ಆದರೆ ಇದೇ ರೋಗ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಹೀರಲಾಗುತ್ತದೆ. ಅಲ್ಲಿ ಸಣ್ಣ ಸೀಳಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದೇ ಕಡಿಮೆ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿಗೆ ಒಣಗಿದಂತೆ ಕಾಣುವ ಜಾಯಿಂಟೇ ಕಳ್ಳ. ಫೀಡ್ ಪಂಪಿನಿಂದ ಆಚೆ ಸೋರಿದರೆ ಒದ್ದೆ ಕಾಣುತ್ತದೆ, ಹುಡುಕುವುದು ಸುಲಭ.

ಫೀಡ್ ಪಂಪಿಗೆ ಬರುವ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಟ್ಯೂಬ್ ಹಾಕಿ ಇಂಜಿನ್ ಓಡಿಸಿ ನೋಡಿ. ಗುಳ್ಳೆ ಹರಿಯುತ್ತಿದ್ದರೆ ಹಿಂದೆ ತೂತಿದೆ. ಆಮೇಲೆ ಟ್ಯಾಂಕಿನ ಪೈಪು ಬಿಡಿಸಿ, ಅದೇ ಟ್ಯೂಬನ್ನು ನೇರ ಡೀಸೆಲ್ ಕ್ಯಾನಿಗೆ ಇಳಿಸಿ. ಗುಳ್ಳೆ ನಿಂತರೆ ದೋಷ ಟ್ಯಾಂಕಿನ ಲೈನಿನಲ್ಲಿ: ಬಿಸಿಲಿಗೆ ಬಿರಿದ ರಬ್ಬರ್, ಸಡಿಲ ಕ್ಲಿಪ್ಪು, ಇಲ್ಲವೇ ಟ್ಯಾಂಕಿನೊಳಗೆ ತೂತಾದ ಹೀರುವ ಪೈಪು. ಕೊನೆಯದಕ್ಕೆ ಗುರುತೆಂದರೆ ಟ್ಯಾಂಕು ಕಾಲು ಭಾಗಕ್ಕಿಳಿದಾಗ ಮಾತ್ರ ಗಾಡಿ ನಿಲ್ಲುತ್ತದೆ. ಹುಣ್ಣಿಮೆಗೆ ಹುಲಿಗಿಗೆ ಜನ ತುಂಬಿಕೊಂಡು ಹೊರಟ ವ್ಯಾನು ದಾರಿಯಲ್ಲಿ ಹೀಗೆ ನಿಂತರೆ ಮೊದಲು ಡೀಸೆಲ್ ಹಾಕಿಸಿ, ಮನೆಗೆ ಬಂದ ಮೇಲೆ ಟ್ಯಾಂಕು ಬಿಚ್ಚಿ. ಕ್ಯಾನಿಗೆ ಇಳಿಸಿದ ಮೇಲೂ ಗುಳ್ಳೆ ಬಂದರೆ ಟ್ಯೂಬಿನ ಕ್ಲಿಪ್ಪು ಬಿಗಿದು ಇನ್ನೊಮ್ಮೆ ನೋಡಿ. ಟ್ಯೂಬಿನಲ್ಲಿ ಗುಳ್ಳೆಯಿಲ್ಲದೆಯೂ ಫಿಲ್ಟರಿನಲ್ಲಿ ನೊರೆ ಬರುತ್ತಿದ್ದರೆ ಪ್ರೈಮರಿನ ಓ-ರಿಂಗ್, ಫೀಡ್ ಪಂಪಿನ ಬ್ಯಾಂಜೋ ಬೋಲ್ಟಿನ (ಪೈಪಿನ ತುದಿಯ ಉಂಗುರದಂಥ ಕಣ್ಣಿನೊಳಗೆ ತೂರುವ, ಒಳಗೆ ತೂತಿರುವ ಬೋಲ್ಟ್) ವಾಷರ್ ನೋಡಬೇಕು.

ಟ್ಯಾಂಕಿನ ಮುಚ್ಚಳವನ್ನೂ ಬಿಡಬೇಡಿ. ಅದರ ಗಾಳಿಕಿಂಡಿ ಧೂಳಿನಿಂದ ಮುಚ್ಚಿದರೆ ಟ್ಯಾಂಕಿನೊಳಗೆ ಎಳೆತ ಹುಟ್ಟಿ ಡೀಸೆಲ್ ಬರುವುದು ನಿಲ್ಲುತ್ತದೆ, ಸಡಿಲ ಜಾಯಿಂಟಿನಲ್ಲಿ ಗಾಳಿ ನುಗ್ಗುತ್ತದೆ. ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಕಿಂಡಿಯನ್ನು ತೊಳೆದು ಊದಿ.

ತಾಮ್ರದ ವಾಷರ್ ಒಮ್ಮೆ ಒತ್ತಿಸಿಕೊಂಡ ಮೇಲೆ ಗಡುಸಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರದು. ಹೊಸದು ಸಿಗದ ಊರಿನಲ್ಲಿ ಹಳೆಯದನ್ನು ಡೀಸೆಲ್ಲಿನಿಂದ ದೂರ ಒಯ್ದು, ತಂತಿಗೆ ಪೋಣಿಸಿ, ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಕಪ್ಪು ಪೊರೆಯನ್ನು ನಯವಾದ ಮರಳು ಕಾಗದದಲ್ಲಿ ತೆಗೆದು, ಗೀರಿಲ್ಲದ್ದನ್ನು ನೋಡಿ ಹಾಕಿ. ಬ್ಯಾಂಜೋ ಬೋಲ್ಟಿಗೆ ಎರಡು ವಾಷರ್: ತಲೆಯ ಕೆಳಗೊಂದು, ಕಣ್ಣಿನ ಕೆಳಗೊಂದು.