ರೂಪಾಂತರ ಹುಡುಕುವಾಗ ನಾನು ಮೊದಲು ನೋಡುವುದು ಖಾಲಿ ಜಾಗ

2021ರಲ್ಲಿ, ಕೋವಿಡ್ ಸಮಯದಲ್ಲಿ, ಕೇರಳದಿಂದ ಕರ್ನಾಟಕಕ್ಕೆ ತಲಪಾಡಿ ಗೇಟು ದಾಟಲು ಆರ್‌ಟಿಪಿಸಿಆರ್ ನೆಗೆಟಿವ್ ರಿಪೋರ್ಟ್ ಬೇಕಿತ್ತು. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲದಕ್ಕೂ ಮಂಗಳೂರೇ ಅಲ್ವಾ. ಹಾಗಾಗಿ ಕಾಸರಗೋಡಿನ ನಮ್ಮ ಲ್ಯಾಬಿಗೆ ಸ್ಯಾಂಪಲ್ ರಾಶಿ ಬೀಳುತ್ತಿತ್ತು. ಪಾಸಿಟಿವ್ ಬಂದವರು ಫೋನ್ ಮಾಡಿ ಕೇಳುತ್ತಿದ್ದರು, "ಇದು ಡೆಲ್ಟಾವಾ ಅಕ್ಕ?"

ಮಾಮೂಲಿ ಪಿಸಿಆರ್ ಅದನ್ನು ಹೇಳುವುದಿಲ್ಲ. ಆಲ್ಫಾ ಇದ್ದರೆ ಕೆಲವು ಕಿಟ್‌ಗಳಲ್ಲಿ ಎಸ್ ಜೀನಿನ (ವೈರಸ್ಸಿನ ಮೇಲಿನ ಮುಳ್ಳು, ಅಂದರೆ ಸ್ಪೈಕ್ ಪ್ರೋಟೀನಿನ ಜೀನು) ಗೆರೆ ಮೇಲೇಳುತ್ತಿರಲಿಲ್ಲ, ಅದೊಂದು ಸುಳಿವು. ಡೆಲ್ಟಾಕ್ಕೆ ಆ ಅನುಕೂಲವೂ ಇಲ್ಲ. ಸೀಕ್ವೆನ್ಸಿಂಗ್ ಮಾಡಲೇಬೇಕು, ಅಂದರೆ ವೈರಸ್ಸಿನ ಜೀನೋಮಿನ ಅಕ್ಷರಗಳನ್ನು ಒಂದೊಂದಾಗಿ ಓದಬೇಕು. ಅದಕ್ಕೆ ಸಿಟಿ ವ್ಯಾಲ್ಯೂ 25ಕ್ಕಿಂತ ಕಡಿಮೆ ಇದ್ದ ಸ್ಯಾಂಪಲ್ ಆರಿಸಿ ಕಳಿಸುತ್ತಿದ್ದೆವು. ಪಿಸಿಆರ್‌ನ ಎಷ್ಟನೇ ಸುತ್ತಿನಲ್ಲಿ ವೈರಸ್ ಕಂಡಿತು ಎಂಬ ಸಂಖ್ಯೆ ಇದು, ಕಡಿಮೆಯಾದಷ್ಟೂ ವೈರಸ್ ಜಾಸ್ತಿ. (ಸಿಟಿ ಸ್ಕ್ಯಾನಿಗೂ ಇದಕ್ಕೂ ಸಂಬಂಧ ಇಲ್ಲ. ಎಷ್ಟು ಜನಕ್ಕೆ ಹೇಳಿದ್ದೇನೋ!)

ವಾಪಸ್ ಬಂದ ಫೈಲನ್ನು ಹೋಲಿಕೆಯ ಸಾಫ್ಟ್‌ವೇರ್ ಆದ ನೆಕ್ಸ್ಟ್‌ಕ್ಲೇಡ್‌ಗೆ ಹಾಕಿದರೆ, ವುಹಾನಿನ ಮೂಲ ವೈರಸ್ಸಿನ 29,903 ಅಕ್ಷರಗಳ ಜೊತೆ ಹೋಲಿಸಿ ಎಲ್ಲೆಲ್ಲಿ ಬದಲಾಗಿದೆ ಎಂದು ತೋರಿಸುತ್ತದೆ. ಸ್ಪೈಕಿನಲ್ಲಿ ಎಲ್452ಆರ್, ಟಿ478ಕೆ, ಪಿ681ಆರ್ ಮೂರೂ ಇದ್ದರೆ ಡೆಲ್ಟಾ (ನಡುವಿನ ಸಂಖ್ಯೆ ಜಾಗ, ಮೊದಲಿನದು ಹಳೇ ಅಮೈನೋ ಆಮ್ಲ, ಕೊನೆಯದು ಹೊಸದು). ಇಷ್ಟು ಸುಲಭ. ತಲೆ ತಿಂದದ್ದು ಸ್ಪೈಕಿನ 142ನೇ ಜಾಗ. ಒಂದು ಫೈಲಿನಲ್ಲಿ ಅಲ್ಲಿ ಜಿ142ಡಿ ಬದಲಾವಣೆ ಇದೆ, ಇನ್ನೊಂದರಲ್ಲಿ ಇಲ್ಲ. ಎರಡೂ ಡೆಲ್ಟಾವೇ. ವೈರಸ್ ಹಿಂದಕ್ಕೆ ತಿರುಗಿತಾ?

ವೈರಸ್ ಏನೂ ಮಾಡಿರಲಿಲ್ಲ, ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕಾದ ಪ್ರೈಮರ್‌ನದ್ದೇ ಕಿತಾಪತಿ. ಜೀನೋಮನ್ನು ಸುಮಾರು 400 ಅಕ್ಷರಗಳ ತುಂಡುಗಳಾಗಿ ನಕಲು ಮಾಡುತ್ತಾರೆ. ಮಾಡಿನ ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ಪ್ರತಿ ತುಂಡಿನ ಎರಡೂ ತುದಿಗೆ ಒಂದೊಂದು ಪ್ರೈಮರ್ ಕೂರಬೇಕು. ಆಗ ಬಳಕೆಯಲ್ಲಿದ್ದ ಆರ್ಟಿಕ್ ಎಂಬ ಪ್ರೈಮರ್ ಸೆಟ್ಟಿನ ಮೂರನೇ ಆವೃತ್ತಿಯಲ್ಲಿ ಇಂಥ 98 ತುಂಡುಗಳು. ಡೆಲ್ಟಾದ ಸ್ಪೈಕಿನಲ್ಲಿ 156-157ರ ಹತ್ತಿರ ಆರು ಅಕ್ಷರ ಉದುರಿಹೋಗಿವೆ. 72ನೇ ತುಂಡಿನ ಬಲತುದಿಯ ಪ್ರೈಮರ್ ಕೂರುವುದು ಸರಿಯಾಗಿ ಅಲ್ಲೇ. ಅದು ಕೂರದಿದ್ದರೆ ಆ ತುಂಡು ನಕಲಾಗುವುದಿಲ್ಲ. ಆಗ 142ನೇ ಜಾಗ ಉಳಿಯುವುದು 73ನೇ ತುಂಡಿನ ಪ್ರೈಮರ್ ಅಡಿಯಲ್ಲಿ ಮಾತ್ರ. ಆ ಪ್ರೈಮರ್ ಹಳೇ ವೈರಸ್ ನೋಡಿ ಮಾಡಿದ್ದು! ಸಾಫ್ಟ್‌ವೇರ್ ಅದನ್ನು ಕತ್ತರಿಸಿ ತೆಗೆದರೆ ಅಲ್ಲಿ 'ಎನ್', ಅಂದರೆ ಖಾಲಿ. ತೆಗೆಯದಿದ್ದರೆ ಹಳೇ ಅಕ್ಷರ. 2021ರ ಜೂನಿನಲ್ಲಿ ನಾಲ್ಕನೇ ಆವೃತ್ತಿಯ ಪ್ರೈಮರ್ ಬಂದ ಮೇಲೆ ಈ ಗೊಂದಲ ನಿಂತಿತು.

ಅಲ್ಲಿಂದ ಈಚೆಗೆ ಯಾವ ಫೈಲ್ ಬಂದರೂ ಮೊದಲು ಎನ್ ಎಷ್ಟಿದೆ, ಎಲ್ಲಿದೆ ನೋಡುತ್ತೇನೆ. ತಳಿಯ ಹೆಸರು ಆಮೇಲೆ. ಮುಖ್ಯ ಜಾಗದಲ್ಲಿ 20 ರೀಡ್ ಕೂಡ ಇಲ್ಲದಿದ್ದರೆ (ಅಂದರೆ ಯಂತ್ರ ಅದನ್ನು 20 ಸಲವೂ ಓದಿರದಿದ್ದರೆ) ಬದಲಾವಣೆ "ಇಲ್ಲ" ಎಂದು ಬರೆಯುವುದಿಲ್ಲ, "ಕಂಡಿಲ್ಲ" ಎಂದು ಬರೆಯುತ್ತೇನೆ. 2023ರ ಡಿಸೆಂಬರಿನಲ್ಲಿ ಕೇರಳದಲ್ಲಿ ಜೆಎನ್.1 ತಳಿ ಸಿಕ್ಕಾಗ ಇದು ಉಪಯೋಗಕ್ಕೆ ಬಂತು. ಅದರ ತಾಯಿ ಬಿಎ.2.86ಕ್ಕೂ ಅದಕ್ಕೂ ಸ್ಪೈಕಿನಲ್ಲಿ ಇರುವ ವ್ಯತ್ಯಾಸ ಎಲ್455ಎಸ್ ಒಂದೇ. ಆ ಜಾಗ ಖಾಲಿ ಇದ್ದರೆ ಸ್ಪೈಕ್ ನೋಡಿ ತಾಯಿ ಯಾರು ಮಗಳು ಯಾರು ಎಂದು ಹೇಳಲು ಬರುವುದಿಲ್ಲ.